ಕೀಲಿಮಣೆ ಕಟ್ಟೆ: ಫೈಲು ಕಾಣಿಸುತ್ತದೆ, ತೆರೆಯುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ನಾಸ್ ಪ್ರಶ್ನೆಗಳೇ ಜಾಸ್ತಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನಾಸ್ ಅಂದರೆ ಮನೆಯ ಅಥವಾ ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಸಿಗಲಿ ಅಂತ ನೆಟ್‌ವರ್ಕಿಗೆ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್ ಪೆಟ್ಟಿಗೆ. ಸಾಗರದ ನಮ್ಮ ಮನೆಯಲ್ಲೂ ಒಂದಿದೆ, ದೇವರ ಕೋಣೆ ಪಕ್ಕದ ಗೂಡಿನಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಒಣಗಿರುವ ಜಾಗ ಅದೊಂದೇ. ಯಜಮಾನರು ವರ್ಷಗಟ್ಟಲೆ ರೆಕಾರ್ಡ್ ಮಾಡಿದ ಯಕ್ಷಗಾನಗಳೆಲ್ಲ ಅದರಲ್ಲಿವೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅರ್ಧ, ಪೆಟ್ಟು ತಿಂದು ಕಲಿತವು.

ಇನ್ನೊಂದು ಮಾತು. ಇಲ್ಲಿ ಕಮಾಂಡುಗಳನ್ನು ಹಾಗೆ ಹಾಗೇ ಅಚ್ಚು ಹಾಕಿಸುವುದನ್ನು ನಾನು ಬಿಟ್ಟಿದ್ದೇನೆ. ಒಮ್ಮೆ ಅಂಕಣದ ಅಗಲಕ್ಕೆ ಹೊಂದಿಸುವಾಗ ಸಾಲಿನ ನಡುವೆ ಒಂದು ಸ್ಪೇಸ್ ನುಸುಳಿತು. ಬೈಗುಳ ಮಾತ್ರ ನನಗೇ ಬಂತು. ಈಗ ಬಾಯಿಮಾತಿನಲ್ಲೇ ಹೇಳುತ್ತೇನೆ.

ಪ್ರಶ್ನೆ: ಮೇಡಂ, ಶಿರಸಿಯಲ್ಲಿ ನಮ್ಮದು ಫೋಟೊ ಸ್ಟುಡಿಯೊ. ಎರಡು ಕಂಪ್ಯೂಟರಿಗೆ ಉಬುಂಟು ಅನ್ನುವ ಲಿನಕ್ಸ್ (ವಿಂಡೋಸ್ ಜಾಗದಲ್ಲಿ ಹಾಕುವ ವ್ಯವಸ್ಥೆ) ಹಾಕಿದ್ದೇವೆ. ಮದುವೆ ಫೋಟೊ, ವಿಡಿಯೊ ಎಲ್ಲ ನಾಸ್‌ನಲ್ಲಿವೆ. ಫೈಲ್ಸ್ ಕಿಟಕಿಯಲ್ಲಿ ನಾಸ್ ಚೆನ್ನಾಗಿ ಕಾಣುತ್ತದೆ, ಫೋಟೊ ಮೇಲೆ ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ. ಆದರೆ ಬ್ಲೆಂಡರ್ (ವಿಡಿಯೊ, 3ಡಿ ಕೆಲಸದ ಪ್ರೋಗ್ರಾಂ) ಒಳಗೆ ಹೋಗಿ ಓಪನ್ ಒತ್ತಿದರೆ ಅಲ್ಲಿ ನಾಸ್ ಇಲ್ಲವೇ ಇಲ್ಲ. ಕಣ್ಣೆದುರು ಇರುವುದು ಅದಕ್ಕೆ ಯಾಕೆ ಕಾಣುವುದಿಲ್ಲ?

ಉತ್ತರ: ನಮ್ಮೂರ ಕಡೆ ವಿಳಾಸ ಹೇಳುವುದು ಹೇಗೆ? "ಬಸ್‌ಸ್ಟ್ಯಾಂಡ್ ಹಿಂದೆ, ಅಶ್ವತ್ಥಕಟ್ಟೆ ದಾಟಿ, ನೀಲಿ ಗೇಟು." ಊರಿನವರಿಗೆ ಅಷ್ಟು ಸಾಕು. ಹೊಸದಾಗಿ ಬಂದ ಕೊರಿಯರ್ ಹುಡುಗನಿಗೆ ಡೋರ್ ನಂಬರ್ ಬೇಕು. ನಿಮ್ಮ ಫೈಲ್ಸ್ ಊರಿನವನು, ಬ್ಲೆಂಡರ್ ಕೊರಿಯರ್ ಹುಡುಗ.

ಉಬುಂಟುವಿನಲ್ಲಿ ನೀವು ಕಾಣುವ ಪರದೆ, ಕಿಟಕಿಗಳೆಲ್ಲ ಗ್ನೋಮ್ ಅನ್ನುವ ಪ್ರೋಗ್ರಾಂ ಗುಂಪಿನವು. ಅದರ ಒಳಗೆ ಜಿವಿಎಫ್‌ಎಸ್ ಅಂತ ಒಂದು ವ್ಯವಸ್ಥೆ ಇದೆ. 2008ರಲ್ಲಿ ಗ್ನೋಮ್ 2.22ರ ಜೊತೆ ಬಂದದ್ದು. ನೀವು ಫೈಲ್ಸ್‌ನಲ್ಲಿ ನಾಸ್ ಒತ್ತಿದಾಗ ಪಾಸ್‌ವರ್ಡ್ ಕೊಟ್ಟು ಅದರ ಜೊತೆ ಮಾತಾಡುವುದು ಇದೇ. ಗ್ನೋಮ್‌ಗಾಗಿ ಬರೆದ ಪ್ರೋಗ್ರಾಂಗಳಿಗೆ ಜಿವಿಎಫ್‌ಎಸ್ ಜೊತೆ ಒಡನಾಟ ಇದೆ. ಬ್ಲೆಂಡರ್‌ಗೆ ಇಲ್ಲ. ಅದು ತನ್ನದೇ ಓಪನ್ ಕಿಟಕಿ ಇಟ್ಟುಕೊಂಡಿದೆ, ಡಿಸ್ಕ್‌ನಲ್ಲಿ ಮಾಮೂಲಿ ದಾರಿ ಇರುವ ಫೋಲ್ಡರು ಮಾತ್ರ ಅದಕ್ಕೆ ಕಾಣುತ್ತದೆ. ಕಮಾಂಡು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್‌ನ ಕಥೆಯೂ ಇಷ್ಟೇ.

ಇಂಥವರಿಗಾಗಿ ಜಿವಿಎಫ್‌ಎಸ್ ಒಂದು ಹಿತ್ತಲ ಬಾಗಿಲನ್ನೂ ಇಟ್ಟಿದೆ. ಜಿವಿಎಫ್‌ಎಸ್-ಫ್ಯೂಸ್ ಅನ್ನುವ ಪ್ಯಾಕೇಜು ನಿಮ್ಮಲ್ಲಿ ಇದ್ದೇ ಇರುತ್ತದೆ. ಬ್ಲೆಂಡರ್‌ನ ಓಪನ್‌ನಲ್ಲಿ ಎಲ್ಲಕ್ಕಿಂತ ಮೇಲಿನ ರೂಟ್ ಫೋಲ್ಡರಿಗೆ ಹೋಗಿ. ಅಲ್ಲಿಂದ ರನ್, ಅದರೊಳಗೆ ಯೂಸರ್, ಅದರೊಳಗೆ 1000, ಅದರೊಳಗೆ ಜಿವಿಎಫ್‌ಎಸ್. 1000 ಅಂದರೆ ಉಬುಂಟುವಿನಲ್ಲಿ ಮೊದಲು ಮಾಡಿದ ಬಳಕೆದಾರರ ನಂಬರು. ಅಲ್ಲಿ ರೈಲಿನಷ್ಟು ಉದ್ದ ಹೆಸರಿನ ಫೋಲ್ಡರ್ ಸಿಗುತ್ತದೆ. ಎಸ್‌ಎಂಬಿ-ಶೇರ್ ಅಂತ ಶುರುವಾಗಿ, ಕೋಲನ್, ಸರ್ವರಿನ ನಂಬರು, ಶೇರಿನ ಹೆಸರು ಎಲ್ಲ ಅದರಲ್ಲೇ. (ಎಸ್‌ಎಂಬಿ ಅಂದರೆ ನಾಸ್ ಮತ್ತು ಕಂಪ್ಯೂಟರು ಮಾತಾಡಿಕೊಳ್ಳುವ ಭಾಷೆ, ಶೇರ್ ಅಂದರೆ ನಾಸ್‌ನಲ್ಲಿ ಹಂಚಿಕೊಂಡ ಫೋಲ್ಡರ್.) ಅದೇ ನಿಮ್ಮ ನಾಸ್. ಬ್ಲೆಂಡರ್‌ನಲ್ಲಿ ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ.

ಆದರೆ ಲಾಗಿನ್ ಆದ ಮೇಲೆ ಒಮ್ಮೆಯಾದರೂ ಫೈಲ್ಸ್‌ನಲ್ಲಿ ನಾಸ್ ಒತ್ತದಿದ್ದರೆ ಆ ಫೋಲ್ಡರ್ ಹುಟ್ಟುವುದೇ ಇಲ್ಲ. ವೈನ್ ಮೂಲಕ ವಿಂಡೋಸ್ ಪ್ರೋಗ್ರಾಂ ನಡೆಸುವವರಿಗೆ ಇನ್ನೊಂದು ತೊಡಕು: ಆ ಹೆಸರಿನಲ್ಲಿರುವ ಕೋಲನ್. ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿಗೆ ಕೋಲನ್ ನಿಷಿದ್ಧ. ಅಪರೂಪಕ್ಕೆ ಹಿತ್ತಲ ಬಾಗಿಲು ಸರಿ. ದಿನಾ ಎಂಟು ಗಂಟೆ ಕೆಲಸ ಮಾಡುವ ಸ್ಟುಡಿಯೊಗೆ ಸಾಲದು. ನೀವು ನಾಸ್‌ಗೆ ಒಂದು ಡೋರ್ ನಂಬರನ್ನೇ ಕೊಟ್ಟುಬಿಡಿ. ಅಂದರೆ ಸಿಸ್ಟಮ್ ಮಟ್ಟದಲ್ಲೇ ಮೌಂಟ್ ಮಾಡಿ, ಮಾಮೂಲಿ ಫೋಲ್ಡರಿನ ಹಾಗೆ ಜೋಡಿಸಿ.

ಸಿಐಎಫ್‌ಎಸ್-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ರೂಟ್‌ನಲ್ಲಿರುವ ಎಂಎನ್‌ಟಿ ಫೋಲ್ಡರಿನೊಳಗೆ ನಾಸ್ ಅಂತ ಖಾಲಿ ಫೋಲ್ಡರ್ ಮಾಡಿ. ರೂಟ್‌ನಲ್ಲೇ ಇರುವ ಇಟಿಸಿ ಫೋಲ್ಡರಿನೊಳಗಿನ ಎಫ್‌ಎಸ್‌ಟ್ಯಾಬ್ ಫೈಲಿಗೆ (ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅನ್ನುವ ಪಟ್ಟಿ ಅದು) ಒಂದು ಸಾಲು ಸೇರಿಸಿ. ಆ ಸಾಲಿಗೆ ಆರು ಭಾಗ. ಮೊದಲನೆಯದು ಎರಡು ಸ್ಲ್ಯಾಶ್, ನಾಸ್‌ನ ಐಪಿ ನಂಬರು, ಸ್ಲ್ಯಾಶ್, ಶೇರಿನ ಹೆಸರು. ಎರಡನೆಯದು ನೀವು ಮಾಡಿದ ಖಾಲಿ ಫೋಲ್ಡರಿನ ದಾರಿ. ಮೂರನೆಯದು ಸಿಐಎಫ್‌ಎಸ್, ಇಲ್ಲಿ ಎಸ್‌ಎಂಬಿಗೆ ಇರುವ ಹೆಸರು. ನಾಲ್ಕನೆಯದು ಆಯ್ಕೆಗಳು. ಕೊನೆಯ ಎರಡು ಸೊನ್ನೆಗಳು. ಶೇರಿನ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದರ ಬದಲು ಬ್ಯಾಕ್‌ಸ್ಲ್ಯಾಶ್ ಹಾಕಿ 040 ಅಂತ ಬರೆಯಬೇಕು. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಕಳೆದಿದ್ದೇನೆ.

ಆಯ್ಕೆಗಳ ನಡುವೆ ಕಾಮಾ ಇರಲಿ, ಸ್ಪೇಸ್ ಬೇಡ. ಪಾಸ್‌ವರ್ಡನ್ನು ಈ ಸಾಲಿನಲ್ಲೇ ಬರೆಯಬೇಡಿ, ಎಫ್‌ಎಸ್‌ಟ್ಯಾಬ್ ಎಲ್ಲರೂ ಓದಬಹುದಾದ ಫೈಲು. ಬೇರೆ ಫೈಲಿನಲ್ಲಿ ಬರೆದು, ಅದರ ಪರ್ಮಿಷನ್ 600 (ಒಡೆಯರಿಗೆ ಮಾತ್ರ ಓದು-ಬರಹ) ಮಾಡಿ, ಕ್ರೆಡೆನ್ಷಿಯಲ್ಸ್ ಅನ್ನುವ ಆಯ್ಕೆಯಲ್ಲಿ ಆ ಫೈಲಿನ ದಾರಿ ಕೊಡಿ. ಯುಐಡಿ 1000 ಅಂತ ಹಾಕಿ, ಇಲ್ಲದಿದ್ದರೆ ಫೈಲುಗಳೆಲ್ಲ ರೂಟ್ (ಇಲ್ಲಿ ಫೋಲ್ಡರಲ್ಲ, ಕಂಪ್ಯೂಟರಿನ ಸರ್ವಾಧಿಕಾರಿ ಬಳಕೆದಾರ) ಹೆಸರಿಗೆ ಹೋಗಿ ನೀವು ಓದಬಹುದು, ಬರೆಯಲಾಗದು. ನೋಫೇಲ್ ಹಾಕಿದರೆ ನಾಸ್ ಸಿಗದಿದ್ದರೂ ಕಂಪ್ಯೂಟರು ಶುರುವಾಗುತ್ತದೆ. ಲಿನಕ್ಸನ್ನು ಶುರುಮಾಡುವ ಸಿಸ್ಟಮ್‌ಡಿಯ ಆಟೊಮೌಂಟ್ ಆಯ್ಕೆ ಹಾಕಿದರೆ ಆ ಫೋಲ್ಡರಿಗೆ ಯಾರಾದರೂ ಕಾಲಿಟ್ಟಾಗ ಮಾತ್ರ ನಾಸ್ ಜೋಡಣೆಯಾಗುತ್ತದೆ. ಮಲೆನಾಡಿನವರು ಇವೆರಡನ್ನೂ ಮರೆಯಬೇಡಿ. ಕರೆಂಟು ಹೋಗಿ ಬಂದಾಗ ಕಂಪ್ಯೂಟರು ಬೇಗ ಏಳುತ್ತದೆ, ನಾಸ್ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತದೆ. ರೌಟರಿನಲ್ಲಿ ನಾಸ್‌ಗೆ ಒಂದೇ ಐಪಿ ಕಾದಿರಿಸಿ. ಇಲ್ಲದಿದ್ದರೆ ಕರೆಂಟು ಬಂದ ಮೇಲೆ ನಂಬರು ಬದಲಾಗಿ ಪುನಃ ನನಗೆ ಪತ್ರ ಬರೆಯುತ್ತೀರಿ.

ಇಲ್ಲಿ ನನ್ನ ಮನೆಯ ಕಥೆ ಹೇಳಲೇಬೇಕು. ಮೌಂಟ್ ಆಗದಿದ್ದಾಗ ಆ ಖಾಲಿ ಫೋಲ್ಡರು ಬರೀ ಖಾಲಿ ಫೋಲ್ಡರೇ. ಒಂದು ಆಷಾಢದ ರಾತ್ರಿ ನಾಸ್ ಆರಿಹೋಗಿತ್ತು. ಆಗ ನನ್ನ ಸಾಲಿನಲ್ಲಿ ಆಟೊಮೌಂಟ್ ಇರಲಿಲ್ಲ. ದಿನಾ ಎರಡು ಗಂಟೆಗೆ ರೂಟ್ ಹೆಸರಿನಲ್ಲಿ ನಡೆಯುವ ನನ್ನ ಬ್ಯಾಕಪ್ ಎಂದಿನಂತೆ ಎದ್ದು, ಯಕ್ಷಗಾನದ ವಿಡಿಯೊಗಳನ್ನು "ನಾಸ್‌ಗೆ" ನಕಲು ಮಾಡಿತು. ನಾಸ್ ಇರಲಿಲ್ಲವಲ್ಲ, ಎಲ್ಲ ಕಂಪ್ಯೂಟರಿನ ಸ್ವಂತ ಡಿಸ್ಕಿಗೇ ಸುರಿಯಿತು. ಬೆಳಿಗ್ಗೆ ಡಿಸ್ಕ್ ತುಂಬಿ ಲಾಗಿನ್ ಕೂಡ ಆಗಲಿಲ್ಲ. ಆಮೇಲೆ ನಾಸ್ ಬಂದಾಗ ಆ ಫೈಲುಗಳು ಮೌಂಟಿನ ಅಡಿಯಲ್ಲಿ ಮುಚ್ಚಿಹೋದವು, ಕಾಣುವುದೂ ಇಲ್ಲ, ಜಾಗ ಬಿಡುವುದೂ ಇಲ್ಲ. ಈಗ ಮೌಂಟ್ ಮಾಡುವ ಮೊದಲೇ ಖಾಲಿ ಫೋಲ್ಡರಿಗೆ ಚಾಟರ್ ಕಮಾಂಡಿನಿಂದ ಪ್ಲಸ್ ಐ ಗುರುತು ಹಾಕಿಟ್ಟಿದ್ದೇನೆ. ಆಮೇಲೆ ಅದರಲ್ಲಿ ರೂಟ್ ಕೂಡ ಏನೂ ಬರೆಯುವ ಹಾಗಿಲ್ಲ.

ನಿಮ್ಮ ಸ್ಟುಡಿಯೊಗೆ ಕೊನೆಯದೊಂದು. ಫೋಟೊ ತೆರೆಯುವುದು ನಿಧಾನ ಅಂತಲೂ ಬರೆದಿದ್ದೀರಿ. ಅದು ಲಿನಕ್ಸ್‌ನ ತಪ್ಪಲ್ಲದೆ ಇರಬಹುದು, ಮೊದಲು ಕೇಬಲ್ ನೋಡಿ. ಗಿಗಾಬಿಟ್ ಜೋಡಣೆಯಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಬರುತ್ತದೆ. ಕೇಬಲಿನೊಳಗೆ ಒಂದು ತಂತಿ ಕಡಿದರೂ ಅದು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿಯಬಹುದು. ಆಗ ಸಿಗುವುದು 11 ಮೆಗಾಬೈಟ್. 40 ಮೆಗಾಬೈಟಿನ ಒಂದು ರಾ ಫೋಟೊಗೆ (ಕ್ಯಾಮೆರಾದ ಕಚ್ಚಾ ಫೈಲು) ನಾಲ್ಕು ಸೆಕೆಂಡ್ ಬಾಯಿ ಬಿಟ್ಟು ಕೂರಬೇಕು. ಫೋಟೊ ತಿದ್ದುವ ಡಾರ್ಕ್‌ಟೇಬಲ್ ಬಳಸುವುದಾದರೆ ಅದರಲ್ಲಿ ಫೋಟೊಗಳನ್ನು ತಾತ್ಕಾಲಿಕವಾಗಿ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಕೆಲಸ ಮುಗಿದ ಮೇಲೆ ವಾಪಸ್ ಹೊಂದಿಸುವ ಸೌಲಭ್ಯ ಇದೆ. ಅದರ ಡೇಟಾಬೇಸ್ ಫೈಲನ್ನು ಮಾತ್ರ ನಾಸ್‌ಗೆ ಸಾಗಿಸಬೇಡಿ. ಅದು ಎಸ್‌ಕ್ಯುಲೈಟ್ ಅನ್ನುವ ಬಗೆಯದು, ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯಲು ಹಾಕುವ ಬೀಗ ನೆಟ್‌ವರ್ಕಿನ ಮೇಲೆ ನಂಬಿಕಸ್ಥ ಅಲ್ಲ. ಎರಡು ಕಂಪ್ಯೂಟರು ಒಟ್ಟಿಗೆ ಬರೆದರೆ ಕೆಟ್ಟಂತೆಯೇ.

ಪ್ರಶ್ನೆ: ನಾನು ಜರ್ಮನಿಯಲ್ಲಿ ಓದುತ್ತಿದ್ದೇನೆ, ಕೆಡಿಇ ಪ್ಲಾಸ್ಮಾ (ಗ್ನೋಮ್ ಥರದ ಇನ್ನೊಂದು ಪರದೆ) ಬಳಸುತ್ತೇನೆ. ಅದರ ಫೈಲ್ ಕಿಟಕಿ ಡಾಲ್ಫಿನ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ನಾಸ್ ತೆರೆದಿರುತ್ತೇನೆ. ಸಿನಿಮಾ ಮೇಲೆ ಒತ್ತಿದರೆ ವಿಎಲ್‌ಸಿ ಪ್ಲೇಯರ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ ಇಲ್ಲವೇ ಆಗುವುದಿಲ್ಲ ಅನ್ನುತ್ತದೆ. ಯಾಕೆ?

ಉತ್ತರ: ವಿಎಲ್‌ಸಿಯ ಅತಿಬುದ್ಧಿವಂತಿಕೆ. ಪ್ರತಿ ಪ್ರೋಗ್ರಾಂ ಜೊತೆ ಒಂದು ಡೆಸ್ಕ್‌ಟಾಪ್ ಫೈಲು ಇರುತ್ತದೆ, ಅದರಲ್ಲಿ ತನಗೆ ಏನೇನು ಬರುತ್ತದೆ ಅಂತ ಬರೆದುಕೊಂಡಿರುತ್ತದೆ. "ಎಸ್‌ಎಂಬಿ ನನಗೇ ಬರುತ್ತದೆ" ಅಂತ ವಿಎಲ್‌ಸಿ ಅದರಲ್ಲಿ ಹೇಳಿಕೊಂಡಿದೆ. ಡಾಲ್ಫಿನ್ ಅದನ್ನು ನಂಬಿ ವಿಳಾಸವನ್ನಷ್ಟೇ ಕೈಗಿಡುತ್ತದೆ, ಪಾಸ್‌ವರ್ಡ್ ಕೊಡುವುದಿಲ್ಲ. ಆ ಡೆಸ್ಕ್‌ಟಾಪ್ ಫೈಲನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್ ಫೋಲ್ಡರಿಗೆ ನಕಲು ಮಾಡಿಕೊಂಡು ಪ್ರೋಟೊಕಾಲ್‌ಗಳ ಸಾಲಿನಿಂದ ಎಸ್‌ಎಂಬಿ ತೆಗೆಯಿರಿ. ಕಿಯೊ-ಫ್ಯೂಸ್ ಪ್ಯಾಕೇಜ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿ. ಗ್ನೋಮ್‌ನ ಹಿತ್ತಲ ಬಾಗಿಲಿನಂಥದ್ದೇ ಇದು, ಕೆಡಿಇಯವರು 2020ರಲ್ಲಿ ಬಿಡುಗಡೆ ಮಾಡಿದ್ದು. ಅದಿಲ್ಲದಿದ್ದರೆ ಕೆಡಿಇ ಇಡೀ ಸಿನಿಮಾವನ್ನು ಮೊದಲು ಟೆಂಪ್ ಫೋಲ್ಡರಿಗೆ ಇಳಿಸಿಕೊಂಡು ಆಮೇಲೆ ತೋರಿಸುತ್ತದೆ. ಬರೆಯುವ ಫೈಲಾದರೆ ಕೊನೆಗೆ "ಬದಲಾಗಿದೆ, ಅಪ್‌ಲೋಡ್ ಮಾಡಲೇ" ಅಂತ ಕೇಳುತ್ತದೆ. ಅವಸರದಲ್ಲಿ ಬೇಡ ಅಂದರೆ ನಿಮ್ಮ ತಿದ್ದುಪಡಿ ಹೋಯಿತು.

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ ಲಿಬ್ರೆಆಫೀಸ್ (ಎಂಎಸ್ ಆಫೀಸ್ ಥರದ್ದು) ಇದೆ. ಸಾಲದ ಲೆಡ್ಜರ್ ನಾಸ್‌ನಲ್ಲಿದೆ. ಆಗಾಗ "ಅನೌನ್ ಯೂಸರ್ ತೆರೆದಿದ್ದಾರೆ, ಬೀಗ ಹಾಕಿದೆ" ಅಂತ ಬರುತ್ತದೆ. ನಾವಿರುವುದೇ ನಾಲ್ಕು ಜನ. ಈ ಅನೌನ್ ಯಾರು? ಹ್ಯಾಕರ್ ಇರಬಹುದಾ?

ಉತ್ತರ: ಹ್ಯಾಕರ್ ಅಲ್ಲ, ನಿಮ್ಮ ನಾಲ್ವರಲ್ಲೇ ಒಬ್ಬರು. ಲಿಬ್ರೆಆಫೀಸ್ ಒಂದು ಫೈಲು ತೆರೆದ ಕೂಡಲೇ ಅದರ ಪಕ್ಕದಲ್ಲಿ ಅಡಗಿದ ಪುಟ್ಟ ಫೈಲೊಂದನ್ನು ಇಡುತ್ತದೆ. ಹೆಸರಿನಲ್ಲಿ ಲಾಕ್ ಅಂತ ಇರುತ್ತದೆ, ಕೊನೆಗೆ ಹ್ಯಾಶ್ ಗುರುತು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮುಚ್ಚಿದಾಗ ಟವೆಲ್ ತೆಗೆಯುತ್ತದೆ. ಮಧ್ಯೆ ಕರೆಂಟು ಹೋದರೆ ಟವೆಲ್ ಅಲ್ಲೇ ಉಳಿಯುತ್ತದೆ, ಕೂತವರು ಇಲ್ಲ.

ನಾಲ್ಕೂ ಕಂಪ್ಯೂಟರಿನಲ್ಲಿ ಟೂಲ್ಸ್, ಆಪ್ಷನ್ಸ್, ಯೂಸರ್ ಡೇಟಾಗೆ ಹೋಗಿ ಹೆಸರು ತುಂಬಿ. ಆಮೇಲೆ ಅನೌನ್ ಬದಲು ಹೆಸರೇ ಬರುತ್ತದೆ. ನಾಲ್ವರನ್ನೂ ಕೂಗಿ ಕೇಳಿ, ಯಾರೂ ತೆರೆದಿಲ್ಲ ಅಂದ ಮೇಲೆ ಮಾತ್ರ ಆ ಲಾಕ್ ಫೈಲು ಅಳಿಸಿ. ಊಟಕ್ಕೆ ಹೋದವರನ್ನೂ ಫೋನಿನಲ್ಲಿ ಕೇಳಿ. ಒಟ್ಟಿಗೆ ಬರೆಯಲೇಬೇಕು ಅಂದರೆ ಲಿಬ್ರೆಆಫೀಸ್‌ನ ಲೆಕ್ಕದ ಹಾಳೆ ಕ್ಯಾಲ್ಕ್‌ನ ಟೂಲ್ಸ್‌ನಲ್ಲಿ ಶೇರ್ ಸ್ಪ್ರೆಡ್‌ಶೀಟ್ ಇದೆ. ಆದರೆ ಜನರ ದುಡ್ಡಿನ ಲೆಕ್ಕ ಅದರಲ್ಲಿ ಇಡುವುದು ನನಗಂತೂ ಒಪ್ಪಿಗೆ ಇಲ್ಲ.

ಪ್ರಶ್ನೆ: ಧಾರವಾಡದ ಕನ್ನಡ ಮೇಷ್ಟ್ರು ನಾನು. ಪಾಠದ ಫೈಲುಗಳಿಗೆ ಪೂರ್ತಿ ಶೀರ್ಷಿಕೆಯನ್ನೇ ಕನ್ನಡದಲ್ಲಿ ಹೆಸರಿಡುತ್ತೇನೆ. ವಿಂಡೋಸ್‌ನಲ್ಲಿ ಸರಿ ಇತ್ತು. ನಾಸ್‌ಗೆ ಹಾಕಲು ಹೋದರೆ ಕೆಲವನ್ನು "ಹೆಸರು ಉದ್ದವಾಯಿತು" ಅಂತ ತಿರಸ್ಕರಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕಿಂತ ಉದ್ದದ ಹೆಸರು ಹೋಗುತ್ತದೆ. ಕನ್ನಡಕ್ಕೆ ಯಾಕೆ ಈ ತಾರತಮ್ಯ?

ಉತ್ತರ: ಮೇಷ್ಟ್ರೇ, ಈ ತಿಂಗಳ ನನ್ನ ಮೆಚ್ಚಿನ ಪ್ರಶ್ನೆ ನಿಮ್ಮದು. ವಿಂಡೋಸ್ ಅಕ್ಷರ ಗುರುತುಗಳನ್ನು ಎಣಿಸುತ್ತದೆ, 255ರವರೆಗೆ ಬಿಡುತ್ತದೆ. ಲಿನಕ್ಸ್ ಡಿಸ್ಕಿನಲ್ಲಿ ಫೈಲಿಡುವ ಪದ್ಧತಿಯಾದ ಎಕ್ಸ್‌ಟಿ4 ಬೈಟುಗಳನ್ನು ಎಣಿಸುತ್ತದೆ, ಅದೂ 255. ಹೆಚ್ಚಿನ ನಾಸ್‌ಗಳ ಒಳಗೆ ಇರುವುದು ಲಿನಕ್ಸೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಗುರುತಿಗೆ ಮೂರು. ಗುರುತು ಅಂದರೆ ಅಕ್ಷರ ಅಲ್ಲ, ಗುಣಿತದ ಚಿಹ್ನೆ, ಒತ್ತಿನ ಹಿಂದಿನ ವಿರಾಮ ಎಲ್ಲವೂ ಬೇರೆ ಬೇರೆ. ಲಕ್ಷ್ಮೀ ಅಂತ ಬರೆದರೆ ನಿಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಏಳು ಗುರುತು: ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಈ. ಏಳು ಮೂರಲಿ ಇಪ್ಪತ್ತೊಂದು ಬೈಟ್. ಹಾಗಾಗಿ ಒಂದು ಹೆಸರಿನಲ್ಲಿ ಹನ್ನೆರಡು ಲಕ್ಷ್ಮಿಯರು ಹಿಡಿಸುತ್ತಾರೆ. ಕೊನೆಗೆ ಡಾಟ್ ಡಾಕ್ಸ್ ಸೇರಿಸಿದರೆ ಹನ್ನೊಂದೇ. ಅಷ್ಟಲಕ್ಷ್ಮಿಯರಿಗೆ ತೊಂದರೆ ಇಲ್ಲ ಬಿಡಿ.

ಲಿಬ್ರೆಆಫೀಸ್‌ನ ಟವೆಲ್ ಫೈಲಿಗೆ ಇನ್ನೂ ಎಂಟು ಬೈಟ್ ಬೇಕು. ಕೆಲವು ನಾಸ್‌ಗಳ ಎನ್‌ಕ್ರಿಪ್ಟ್ ಮಾಡಿದ ಫೋಲ್ಡರಿನಲ್ಲಿ ಮಿತಿಯೇ 143 ಬೈಟ್, ಅಂದರೆ 47 ಗುರುತು. ನೀವು ನಲವತ್ತು ಗುರುತಿನೊಳಗೆ ಹೆಸರಿಡಿ. ಪೂರ್ತಿ ಶೀರ್ಷಿಕೆ ಫೈಲಿನ ಒಳಗಿನ ಮೊದಲ ಸಾಲಿನಲ್ಲಿರಲಿ.

ಹಳೆ ಮ್ಯಾಕ್‌ನಿಂದ ಬಂದ ಕೆಲವು ಫೈಲು ಹುಡುಕಿದರೆ ಸಿಗುವುದಿಲ್ಲ ಅಂದಿರಲ್ಲ, ಅದೂ ಇದೇ ವಂಶದ ತೊಂದರೆ. ಯುನಿಕೋಡಿನಲ್ಲಿ ಕನ್ನಡದ ದೀರ್ಘ ಈ, ಏ, ಐ, ಒ, ಓ ಚಿಹ್ನೆಗಳನ್ನು ಒಂದೇ ಗುರುತಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಹಳೆ ಮ್ಯಾಕ್ ಡಿಸ್ಕುಗಳು ಬಿಡಿಸಿಯೇ ಇಡುತ್ತಿದ್ದವು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಕಾನ್ವ್‌ಎಂವಿ ಅನ್ನುವ ಪುಟ್ಟ ಪ್ರೋಗ್ರಾಂ ಇಂಥ ಹೆಸರುಗಳನ್ನೆಲ್ಲ ಒಮ್ಮೆಗೇ ಕೂಡಿಸಿ ಬರೆಯುತ್ತದೆ. ಎನ್‌ಎಫ್‌ಸಿ ಅನ್ನುವ ಆಯ್ಕೆ ಕೊಡಿ. ನೋಟೆಸ್ಟ್ ಅಂತ ಸೇರಿಸುವ ತನಕ ಅದು ಏನು ಮಾಡುತ್ತೇನೆ ಅಂತ ತೋರಿಸುತ್ತದೆಯೇ ಹೊರತು ಮಾಡುವುದಿಲ್ಲ. ಒಳ್ಳೇ ಗುಣ.

ಪ್ರಶ್ನೆ: ಮೌಂಟ್ ಮಾಡಿದ್ದೇನೆ, ಟರ್ಮಿನಲ್‌ನಲ್ಲಿ ಕಾಣುತ್ತದೆ. ಆ್ಯಪ್ ಸೆಂಟರಿನಿಂದ ಹಾಕಿದ ಪ್ಲೇಯರಿಗೆ ಮಾತ್ರ ಕಾಣುವುದಿಲ್ಲ. (ಮಂಗಳೂರಿನ ವಿದ್ಯಾರ್ಥಿ)

ಉತ್ತರ: ಅದು ಸ್ನ್ಯಾಪ್, ಅಂದರೆ ಉಳಿದ ಫೋಲ್ಡರುಗಳನ್ನು ಮುಟ್ಟದ ಹಾಗೆ ಬೇಲಿಯೊಳಗೆ ಇಟ್ಟ ಪ್ರೋಗ್ರಾಂ. ಸೆಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಅದಕ್ಕೆ ರಿಮೂವಬಲ್ ಮೀಡಿಯಾ ಅನುಮತಿ ಕೊಡಿ. ಅದರಿಂದ ಮೀಡಿಯಾ ಮತ್ತು ಎಂಎನ್‌ಟಿ ಫೋಲ್ಡರುಗಳು ತೆರೆಯುತ್ತವೆ. ಫ್ಲಾಟ್‌ಪ್ಯಾಕ್ (ಅದೂ ಬೇಲಿಯೊಳಗಿನದೇ) ಆದರೆ ಅನುಮತಿ ಕೊಡುವ ಫ್ಲಾಟ್‌ಸೀಲ್ ಪ್ರೋಗ್ರಾಂ ಹಾಕಿಕೊಂಡು ಫೋಲ್ಡರಿನ ದಾರಿ ಸೇರಿಸಿ.

ಪ್ರಶ್ನೆ: ಹತ್ತು ವರ್ಷಕ್ಕಿಂತ ಹಳೆಯ ನಾಸ್ ಇದೆ. ಹೊಸ ಲಿನಕ್ಸ್ ಹಾಕಿದ ಮೇಲೆ ಮೌಂಟ್ ಮಾಡಿದರೆ "ಹೋಸ್ಟ್ ಈಸ್ ಡೌನ್" ಅನ್ನುತ್ತದೆ. ಆದರೆ ಪಿಂಗ್ ಮಾಡಿದರೆ ಉತ್ತರ ಬರುತ್ತದೆ! ಎಸೆಯಲೇ?

ಉತ್ತರ: ಅದು ಬದುಕಿದೆ, ಅದರ ಭಾಷೆ ಮಾತ್ರ ಸತ್ತಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯಷ್ಟೇ ಅದಕ್ಕೆ ಗೊತ್ತು. 2017ರ ಮೇ ತಿಂಗಳಲ್ಲಿ ವಾನಕ್ರೈ ಅನ್ನುವ ಸುಲಿಗೆ ವೈರಸ್ ಹರಡಿದ್ದು ವಿಂಡೋಸ್‌ನ ಆ ಆವೃತ್ತಿಯಲ್ಲಿದ್ದ ತೂತಿನಿಂದಲೇ. ಅದೇ ವರ್ಷದ 4.13 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಲಿನಕ್ಸ್ ತಾನಾಗಿ ಆ ಭಾಷೆ ಮಾತಾಡುವುದನ್ನು ಬಿಟ್ಟಿತು. 2019ರಲ್ಲಿ ಎಸ್‌ಎಂಬಿ ಮಾತಾಡುವ ಪ್ರೋಗ್ರಾಂ ಸಾಂಬಾ 4.11 ಕೂಡ ಬಿಟ್ಟಿತು. (ಸಾಂಬಾ ಅಂದರೆ ಕುಣಿತವಲ್ಲ, ಸಾಂಬಾರೂ ಅಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ತಮ್ಮ ಪ್ರೋಗ್ರಾಂಗೆ ಹೆಸರು ಬೇಕಾದಾಗ ಎಸ್, ಎಂ, ಬಿ ಮೂರೂ ಇರುವ ಪದಗಳನ್ನು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದರು. ಆಗ ಸಿಕ್ಕ ಹೆಸರದು.)

ಮೊದಲು ನಾಸ್‌ಗೆ ಹೊಸ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಇದೆಯಾ ನೋಡಿ, ಎಸ್‌ಎಂಬಿ 2 ಬಂದರೂ ಸಾಕು. ಇಲ್ಲದಿದ್ದರೆ ಎಫ್‌ಎಸ್‌ಟ್ಯಾಬ್ ಸಾಲಿನ ಆಯ್ಕೆಗಳಲ್ಲಿ ವರ್ಸ್ ಅಂತ ಬರೆದು 1.0 ಕೊಟ್ಟರೆ ಜೋಡಣೆಯಾಗುತ್ತದೆ. ಹಾಡು, ಸಿನಿಮಾ ಇಟ್ಟುಕೊಳ್ಳಲು ನಾನಾದರೆ ಇಷ್ಟಕ್ಕೆ ಬಿಡುತ್ತೇನೆ. ಮನೆಯವರ ಆಧಾರ್, ಜಮೀನಿನ ಪತ್ರಗಳ ಸ್ಕ್ಯಾನ್ ಅದರಲ್ಲಿದ್ದರೆ ಇವತ್ತೇ ತೆಗೆದು ಬೇರೆ ಡಿಸ್ಕಿಗೆ ಹಾಕಿ.