ಸೋಲಾರ್ ಪ್ಯಾನೆಲ್ ದಕ್ಷಿಣಕ್ಕೇ ಮುಖ ಮಾಡಿರಬೇಕೇ? ಮೋಡದ ದಿನ ಎಷ್ಟು ಯೂನಿಟ್ ಸಿಗುತ್ತದೆ?

ಪೂರ್ವಕ್ಕೆ ಇಳಿಯುವ ಶೀಟಿನ ಮಾಡು ಇದೆ, ಆದರೂ ಸೋಲಾರ್ ಹಾಕುವವರು ತಾರಸಿಯ ಮೇಲೆ ದಕ್ಷಿಣಕ್ಕೆ ಮುಖ ಮಾಡಿದ ಎತ್ತರದ ಸ್ಟ್ರಕ್ಚರ್ ಮಾಡಿಸಿ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಇನ್ನೂ ಮುಂಗಡ ಕೊಡಬೇಡಿ. ಅಂಥದೇ ಸ್ಟ್ರಕ್ಚರಿಗೆ ನಾನು ದುಡ್ಡು ಸುರಿದಿದ್ದೇನೆ. ಅದರ ಕಂಬಗಳು ಈಗ ನಮ್ಮ ಹಿತ್ತಿಲಿನಲ್ಲಿ ಬಸಳೆ ಚಪ್ಪರ ಹೊತ್ತುಕೊಂಡಿವೆ.

ನಮ್ಮದು ಸಾಗರದ ಕಡೆಯ ಮನೆ. 2024ರ ಫೆಬ್ರುವರಿಯಲ್ಲಿ ಮನೆಯ ಮೇಲೆ ಸೋಲಾರ್ ಹಾಕಿಸಲು ನೆರವು ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂತು, ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಎಂದರು. ನಾನು ಓದಲು ಕುಳಿತೆ. ಓದಿದ್ದರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ ಸಾಲು: ನಮ್ಮ ದೇಶದಲ್ಲಿ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ಇಳಿಜಾರು ಊರಿನ ಅಕ್ಷಾಂಶದಷ್ಟಿರಬೇಕು. ಸಾಗರದ ಅಕ್ಷಾಂಶ ಸುಮಾರು 14 ಡಿಗ್ರಿ. ಸರಿ, 14 ಎಂದರೆ 14 ಎಂದು ವೆಲ್ಡಿಂಗ್ ಮಾಡುವವನ ಪಕ್ಕದಲ್ಲಿ ಮೊಬೈಲು ಹಿಡಿದು ಕೋನ ಅಳೆಯುತ್ತಾ ನಿಂತೆ. ಅವನು ಎರಡು ಸಲ ಸಹಿಸಿಕೊಂಡ. ಮೂರನೆಯ ಸಲ, ‘ಸ್ವಾಮಿ, ಇದು ದೇವರ ಪ್ರತಿಷ್ಠೆಯಲ್ಲ’ ಎಂದ.

ಈಗ ತಾರಸಿಯ ವಿವರ ಹೇಳಬೇಕು, ಏಕೆಂದರೆ ಎಡವಟ್ಟು ಇರುವುದು ಅಲ್ಲೇ. ನೈಋತ್ಯ ಮೂಲೆಯಲ್ಲಿ ಮೆಟ್ಟಿಲಿನ ಕೋಣೆ, ಅದರ ಮೇಲೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ನೀರಿನ ಟ್ಯಾಂಕು. ಎಲ್ಲ ಸೇರಿ ತಾರಸಿಯಿಂದ ಹದಿನೈದು ಅಡಿ ಎತ್ತರ. ನಿಮ್ಮ ಮನೆಯಲ್ಲೂ ಹೀಗೆಯೇ ಇದ್ದರೆ ಆಶ್ಚರ್ಯವಿಲ್ಲ; ಭಾರವೆಲ್ಲ ನೈಋತ್ಯಕ್ಕಿರಲಿ, ಈಶಾನ್ಯ ಹಗುರವಾಗಿರಲಿ ಎಂದು ವಾಸ್ತು ನೋಡಿ ಕಟ್ಟಿದ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಖಾಲಿ ಉಳಿಯುವುದು ಈಶಾನ್ಯ. ಪ್ಯಾನೆಲ್ ಕೂರುವುದೂ ಅಲ್ಲಿಯೇ.

ಜಾಗ ನೋಡಲು ಸೋಲಾರ್ ಹಾಕುವವರು ಬಂದದ್ದು ಮೇ ತಿಂಗಳ ನಡುಮಧ್ಯಾಹ್ನ. ನೆರಳು ನೋಡಲಿಲ್ಲ ಎಂದು ಯಾರನ್ನೂ ದೂರುವಂತಿಲ್ಲ. ಅವರೂ ನೋಡಿದರು, ನಾನೂ ನೋಡಿದೆ. ಟ್ಯಾಂಕಿನ ನೆರಳು ದಕ್ಷಿಣದ ಪ್ಯಾರಾಪೆಟ್ ಕಡೆಗೆ ಒಂದೆರಡು ಅಡಿ ಚಾಚಿತ್ತು, ಅಷ್ಟೇ. ಸಂಜೆಯಾದಂತೆ ಅದು ಆಗ್ನೇಯಕ್ಕೆ ಸರಿಯಿತು. ಪ್ಯಾನೆಲ್ಲಿನ ಜಾಗದಲ್ಲಿ ಬರಿಗಾಲಿಡಲಾಗದಷ್ಟು ಬಿಸಿಲು. ಇನ್ನೇನು ಬೇಕು ಎಂದುಕೊಂಡೆ.

ಮೇ ತಿಂಗಳಿನಲ್ಲಿ ನೆರಳು ದಕ್ಷಿಣಕ್ಕೆ ಬಿದ್ದಿತ್ತು ಎಂಬುದರಲ್ಲೇ ಉತ್ತರ ಇತ್ತು. ನೆರಳು ದಕ್ಷಿಣಕ್ಕೆ ಬಿದ್ದರೆ ಸೂರ್ಯ ಉತ್ತರಕ್ಕಿದ್ದಾನೆ ಎಂದರ್ಥ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ, ಆಮೇಲೆ ನಮ್ಮನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಆಗಸ್ಟ್ ಮಧ್ಯದಲ್ಲಿ ಮತ್ತೆ ನೆತ್ತಿಗೆ ಮರಳುತ್ತಾನೆ. ಅಂದರೆ ಸುಮಾರು ಮೂರೂವರೆ ತಿಂಗಳು ನಡುಹಗಲಿನ ಸೂರ್ಯ ಉತ್ತರದಲ್ಲಿರುತ್ತಾನೆ, ದಕ್ಷಿಣಕ್ಕೆ ವಾಲಿಸಿದ ಪ್ಯಾನೆಲ್ ಅವನಿಂದ ಕೊಂಚ ಮುಖ ತಿರುಗಿಸಿದಂತೆ ಇರುತ್ತದೆ. ಡಿಸೆಂಬರ್ ಕೊನೆಗೆ ಕಥೆ ತಿರುವುಮುರುವು: ನಡುಹಗಲಿನಲ್ಲೂ ಸೂರ್ಯ ನೆತ್ತಿಯಿಂದ 37 ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ನೈಋತ್ಯದಲ್ಲಿರುತ್ತಾನೆ, ಆಗ ಯಾವುದೇ ವಸ್ತುವಿನ ನೆರಳು ಅದರ ಎತ್ತರಕ್ಕಿಂತ ಮೂರನೇ ಒಂದು ಭಾಗ ಉದ್ದವಾಗಿರುತ್ತದೆ. ಹದಿನೈದು ಅಡಿಯ ಟ್ಯಾಂಕಿಗೆ ಇಪ್ಪತ್ತು ಅಡಿ ನೆರಳು. ಬೀಳುವುದು ನೇರ ಈಶಾನ್ಯಕ್ಕೆ. ಅಲ್ಲಿ ಏನಿತ್ತು ಎಂದು ಮತ್ತೆ ಹೇಳಬೇಕಿಲ್ಲ.

ಮಳೆಗಾಲದಲ್ಲಿ ಉತ್ಪಾದನೆ ಕಡಿಮೆಯಾದದ್ದನ್ನು ಮೋಡದ ಲೆಕ್ಕಕ್ಕೆ ಬರೆದೆ. ಅಕ್ಟೋಬರಿನಲ್ಲಿ ಚೆನ್ನಾಗಿ ಬಂತು, ಬೀಗಿದೆ. ನವೆಂಬರಿನಿಂದ ಇಳಿಯಲು ಶುರುವಾಯಿತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಹದಿನಾಲ್ಕು ಯೂನಿಟ್ ಬರಬೇಕಾದ ದಿನ ಒಂಬತ್ತು, ಹತ್ತು. ಮೊಬೈಲಿನಲ್ಲಿ ಕಾಣುವ ಗೆರೆ ಬೆಳಗಿನಿಂದ ಗುಂಡಗೆ ಏರಿ, ಮಧ್ಯಾಹ್ನ ದಾಟಿದ ಮೇಲೆ ಒಮ್ಮೆಲೇ ಕುಸಿದು, ಇನ್ನೊಂದಿಷ್ಟು ಹೊತ್ತಿಗೆ ಮತ್ತೆ ಕುಸಿಯುತ್ತಿತ್ತು. ಧೂಳಿರಬಹುದು ಎಂದು ಪ್ಯಾನೆಲ್ ತೊಳೆದೆ. ಪ್ಯಾನೆಲ್ಲಿನ ಕರೆಂಟನ್ನು ಮನೆಯ ಬಳಕೆಗೆ ಒಗ್ಗುವಂತೆ ಬದಲಿಸುವ ಇನ್ವರ್ಟರಿನ ದೋಷ ಎಂದು ದೂರು ಕೊಟ್ಟೆ. ರಿಪೇರಿಗೆ ಬಂದ ಹುಡುಗ ಬೆಳಗ್ಗೆ ಹತ್ತು ಗಂಟೆಗೆ ಬಂದ, ಎಲ್ಲ ಸರಿಯಾಗಿದೆ ಎಂದು ಹೋದ. ಹತ್ತು ಗಂಟೆಗೆ ಎಲ್ಲವೂ ಸರಿಯಾಗಿಯೇ ಇತ್ತು!

ಕೊನೆಗೆ ತಿಳಿದದ್ದು ಪಾಚಿಯಿಂದ. ಡಿಸೆಂಬರಿನ ಒಂದು ಮಧ್ಯಾಹ್ನ ಟ್ಯಾಂಕಿನ ವಾಲ್ವ್ ನೋಡಲು ಹತ್ತಿದ್ದೆ. ಮಲೆನಾಡಿನ ತಾರಸಿ ಎಂದರೆ ಗೊತ್ತಲ್ಲ, ಮಳೆಗಾಲ ಮುಗಿಯುವಷ್ಟರಲ್ಲಿ ಪಾಚಿ ಹಾಸಿರುತ್ತದೆ. ಬಿಸಿಲು ಬಿದ್ದ ಕಡೆಯೆಲ್ಲ ಅದು ಕಪ್ಪಾಗಿ ಒಣಗಿ, ಹಕ್ಕಳೆ ಎದ್ದು, ಚಪ್ಪಲಿಗೆ ಪುಡಿಪುಡಿಯಾಗುತ್ತಿತ್ತು. ಮೆಟ್ಟಿಲಿನ ಕೋಣೆಯ ಉತ್ತರಕ್ಕೆ ಮಾತ್ರ ಒಂದು ಪಟ್ಟೆ ಇನ್ನೂ ಹಸಿ ಹಸಿರು, ಮುಟ್ಟಿದರೆ ತಣ್ಣಗಿತ್ತು. ಆ ಹಸಿರಿನ ಅಂಚು ಪ್ಯಾನೆಲ್ಲಿನ ಮುಂದಿನ ಕಂಬದ ಬುಡಕ್ಕೆ ಬಂದು ನಿಂತಿತ್ತು. ತಲೆಯೆತ್ತಿದರೆ ಎರಡು ಪ್ಯಾನೆಲ್ಲಿನ ಮೇಲೆ ಟ್ಯಾಂಕಿನ ದುಂಡನೆಯ ನೆರಳು. ವರ್ಷ ವರ್ಷವೂ ಚಳಿಗಾಲದಲ್ಲಿ ಆ ಜಾಗ ಒದ್ದೆಯಾಗಿರುವುದನ್ನು, ಒಮ್ಮೆ ಜಾರಿ ಬೀಳುವಷ್ಟು ಹತ್ತಿರದಿಂದ, ನೋಡಿದ್ದವನೇ ನಾನು.

ಎರಡು ಪ್ಯಾನೆಲ್ಲಿಗೆ ನೆರಳು ಬಿದ್ದರೆ ಎರಡರದ್ದು ಮಾತ್ರ ತಾನೇ ಹೋಗುವುದು ಎಂದು ನೀವು ಕೇಳಬಹುದು. ಅಷ್ಟರಲ್ಲಿ ನಿಲ್ಲುವುದಿಲ್ಲ. ಮನೆಯ ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ಒಂದೇ ಸರಣಿಯಲ್ಲಿ ಜೋಡಿಸಿರುತ್ತಾರೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಧಾನವಾಗಲೇಬೇಕು. ಇದನ್ನು ತಪ್ಪಿಸಲು ಪ್ರತಿ ಪ್ಯಾನೆಲ್ಲಿನ ಹಿಂದೆ ಬೈಪಾಸ್ ಡಯೋಡ್‌ಗಳಿರುತ್ತವೆ, ಹೆಚ್ಚಾಗಿ ಮೂರು. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟನ್ನು ಮುಂದಕ್ಕೆ ದಾಟಿಸುವುದು ಅವುಗಳ ಕೆಲಸ. ಆದರೆ ಹಾಗೆ ಬಿಟ್ಟ ಭಾಗದ ವೋಲ್ಟೇಜು ಹೋಯಿತಲ್ಲ! ಇಪ್ಪತ್ತು ಪ್ಯಾನೆಲ್ಲಿನ ಸಾಲಿನಲ್ಲಿ ಅದು ನಡೆದೀತು. ನಮ್ಮದು ಆರು ಪ್ಯಾನೆಲ್ಲಿನ ಗಿಡ್ಡ ಸಾಲು. ಎರಡು ಬಿಟ್ಟುಹೋದರೆ ಇನ್ವರ್ಟರ್ ಕೆಲಸ ಮಾಡಲು ಬೇಕಾದ ಕನಿಷ್ಠ ವೋಲ್ಟೇಜಿನ ಹತ್ತಿರಕ್ಕೆ ಬಂದುಬಿಡುತ್ತದೆ. ನೆರಳು ಜರುಗುತ್ತಾ ಹೋದಂತೆ ಇನ್ವರ್ಟರ್ ತನಗೆ ಸರಿಹೊಂದುವ ವೋಲ್ಟೇಜು ಹುಡುಕುವುದರಲ್ಲೇ ತಡಕಾಡುತ್ತಿರುತ್ತದೆ. ಈಗಿನ ಅರ್ಧ ಕತ್ತರಿಸಿದ ಸೆಲ್ಲುಗಳ ಪ್ಯಾನೆಲ್ಲಿನಲ್ಲಿ ಮೇಲರ್ಧ, ಕೆಳಗಿನರ್ಧ ಬೇರೆ ಬೇರೆಯಾಗಿ ಕೆಲಸ ಮಾಡುವುದರಿಂದ ನೆರಳು ಬುಡದಲ್ಲಿ ಅಡ್ಡಡ್ಡ ಬಿದ್ದರೆ ಅರ್ಧವಾದರೂ ಉಳಿಯುತ್ತದೆ. ನಮ್ಮ ಟ್ಯಾಂಕಿನ ನೆರಳು ಅಷ್ಟು ಸಭ್ಯವಾಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಎಲ್ಲ ಬಿಚ್ಚಿಸಿ, ಪೂರ್ವಕ್ಕೆ ಇಳಿಯುವ ಕೊಟ್ಟಿಗೆಯ ಶೀಟಿನ ಮೇಲೆ ಕೂರಿಸಿದೆ. ಕೂಲಿ, ಹೊಸ ಕೇಬಲ್, ಹೊಸ ಕ್ಲಾಂಪು ಸೇರಿ ಸಹಾಯಧನದ ಅರ್ಧಕ್ಕೂ ಹೆಚ್ಚು ಕರಗಿತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಹಳೆಯ ಕಂಬಗಳಿಗೆಂದು ತಾರಸಿಗೆ ಕೊರೆದ ತೂತುಗಳು. ಮೇಲಿಂದ ಮುಚ್ಚಿದ್ದೇನೆ ಎಂದುಕೊಂಡಿದ್ದೆ. ಪುನರ್ವಸು ಮಳೆ ಹಿಡಿದ ವಾರ ನಡುಮನೆಯ ಸೂರಿನಿಂದ ತೊಟ್ಟಿಕ್ಕಿತು.

ಹಾಗಾಗಿ ಪೂರ್ವವೋ ಪಶ್ಚಿಮವೋ ದಕ್ಷಿಣವೋ, ಪ್ರತಿಯೊಂದರ ಲಾಭನಷ್ಟದ ಪಟ್ಟಿ ಕೊಡಿ ಎಂದು ಕೇಳಿದ್ದೀರಿ, ಕೊಡುವುದಿಲ್ಲ. ಪ್ರಶ್ನೆಯೇ ತಪ್ಪು. ರಾಜಸ್ಥಾನದಲ್ಲೋ ಪಂಜಾಬಿನಲ್ಲೋ ದಿಕ್ಕಿಗೆ ಇನ್ನಷ್ಟು ಬೆಲೆಯಿದೆ, ಅಲ್ಲಿ ಸೂರ್ಯ ನಮ್ಮಷ್ಟು ಮೇಲೆ ಬರುವುದಿಲ್ಲ. ಕರ್ನಾಟಕದಲ್ಲಿ ಹತ್ತು ಹದಿನೈದು ಡಿಗ್ರಿ ಇಳಿಜಾರಿನ ಪ್ಯಾನೆಲ್ ಪೂರ್ವಕ್ಕಿದ್ದರೂ ವರ್ಷದ ಲೆಕ್ಕದಲ್ಲಿ ದಕ್ಷಿಣಕ್ಕಿಂತ ನೂರಕ್ಕೆ ನಾಲ್ಕೈದು ಯೂನಿಟ್ ಕಡಿಮೆ ಬಂದೀತು. ಚಳಿಗಾಲದಲ್ಲಿ ವ್ಯತ್ಯಾಸ ಕಾಣುತ್ತದೆ. ನಮ್ಮ ಕೊಟ್ಟಿಗೆಯ ಮೇಲೆ ಡಿಸೆಂಬರಿನಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ ದಾಟುವುದು ಕಷ್ಟ. ಆದರೆ ಹನ್ನೆರಡು ಎಂಬುದು ಒಂಬತ್ತಕ್ಕಿಂತ ಹೆಚ್ಚು. ಉತ್ತರಕ್ಕೆ ಕಡಿದಾಗಿ ಇಳಿಯುವ ಹಂಚಿನ ಮಾಡೊಂದನ್ನು ಬಿಟ್ಟರೆ, ನೆರಳಿಲ್ಲದ ಯಾವ ಜಾಗವಾದರೂ ನೆರಳಿರುವ ದಕ್ಷಿಣಕ್ಕಿಂತ ಮೇಲು. ಪೂರ್ವವೇ ಪಶ್ಚಿಮವೇ ಎಂದರೆ ನಮ್ಮ ಕಡೆ ನಾನು ಪೂರ್ವವನ್ನೇ ಹಿಡಿಯುತ್ತೇನೆ. ಏಪ್ರಿಲ್, ಮೇ ತಿಂಗಳಿನ ಗುಡುಗುಮಳೆ, ಅಕ್ಟೋಬರಿನ ಮಳೆ ಎಲ್ಲ ಕವಿಯುವುದು ಮಧ್ಯಾಹ್ನದ ಮೇಲೆಯೇ, ಅಷ್ಟರಲ್ಲಿ ಪೂರ್ವದ ಪ್ಯಾನೆಲ್ ತನ್ನ ಪಾಲು ದುಡಿದು ಮುಗಿಸಿರುತ್ತದೆ. ಅರ್ಧ ಪೂರ್ವಕ್ಕೆ ಅರ್ಧ ಪಶ್ಚಿಮಕ್ಕೆ ಹಾಕುವುದಾದರೆ ಎರಡನ್ನೂ ಒಂದೇ ಸರಣಿಗೆ ಸೇರಿಸಲು ಬಿಡಬೇಡಿ. ಎರಡು ಎಂಪಿಪಿಟಿ, ಅಂದರೆ ಪ್ರತಿ ಸಾಲಿಗೂ ಸರಿಹೊಂದುವ ವೋಲ್ಟೇಜನ್ನು ಬೇರೆಬೇರೆಯಾಗಿ ಹುಡುಕುವ ಭಾಗ, ಇರುವ ಇನ್ವರ್ಟರ್ ಬೇಕು. ಇಳಿಜಾರು ಹತ್ತು ಡಿಗ್ರಿಗಿಂತ ಕಡಿಮೆಯಾದರೆ ಕೆಳಗಿನ ಚೌಕಟ್ಟಿನಂಚಿಗೆ ನೀರು ನಿಂತು ಕೆಸರು, ಪಾಚಿ ಕಟ್ಟುತ್ತದೆ. ಶೀಟಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿಯಾಡಲು ನಾಲ್ಕೈದು ಇಂಚು ಬಿಡಿಸಿ.

ಮೋಡದ ದಿನದ ವಿಷಯ. ಮೋಡ ದಟ್ಟವಾಗಿದ್ದರೆ ಬೆಳಕು ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಸೋಸಿ ಬರುತ್ತದೆ. ಆಗ ದಕ್ಷಿಣ ಉತ್ತರ ಎಂಬ ಮಾತಿಗೆ ಅರ್ಥವೇ ಇಲ್ಲ. ಅಂದಾಜು ಬೇಕೇ ಬೇಕೆಂದರೆ, ನಮ್ಮ ಮೂರು ಕಿಲೋವ್ಯಾಟಿನಿಂದ ಮಾರ್ಚಿನ ಒಳ್ಳೆಯ ದಿನ ಹದಿನಾಲ್ಕು ಹದಿನೈದು ಯೂನಿಟ್, ಜುಲೈಯಲ್ಲಿ ಐದರಿಂದ ಏಳು, ಜಡಿಮಳೆಯ ದಿನ ಎರಡು ಮೂರು. ಬೇಸಿಗೆಯಲ್ಲಿ ಬಿಸಿಲು ಹೆಚ್ಚು, ಹಾಗಾದರೆ ಕರೆಂಟೂ ಅಷ್ಟೇ ಹೆಚ್ಚು ಎಂದುಕೊಳ್ಳಬೇಡಿ. ಪ್ಯಾನೆಲ್ಲಿನ ಮೇಲೆ ಬರೆದಿರುವ ವ್ಯಾಟ್ ಲೆಕ್ಕ ಸೆಲ್ಲಿನ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಮಧ್ಯಾಹ್ನ ಅದು 60 ದಾಟುತ್ತದೆ, ಡಿಗ್ರಿಗೆ ಶೇ 0.35ರಂತೆ ಇಳಿಯುತ್ತಾ ಹತ್ತನೇ ಒಂದು ಭಾಗಕ್ಕೂ ಹೆಚ್ಚು ಅಲ್ಲೇ ಆವಿ. ನಮ್ಮ ಇನ್ವರ್ಟರಿನಲ್ಲಿ ಅತಿ ದೊಡ್ಡ ಅಂಕಿ ಕಾಣುವುದು ಸೆಪ್ಟೆಂಬರಿನಲ್ಲಿ, ಮಳೆ ಪ್ಯಾನೆಲ್ ತೊಳೆದು ತಣ್ಣಗೆ ಮಾಡಿ ಹೋದ ಮರುಗಳಿಗೆ, ಬೆಳ್ಳನೆಯ ಮೋಡದ ಅಂಚಿನಿಂದ ಸೂರ್ಯ ಇಣುಕಿದಾಗ. ಎರಡು ಮೂರು ನಿಮಿಷ ಇರುತ್ತದೆ, ಅದನ್ನು ಫೋಟೊ ತೆಗೆದು ಬೀಗರಿಗೆ ಕಳಿಸುವ ಚಟ ನನಗಿದೆ.

ದಿನದಿನದ ಅಂಕಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ನೆಟ್ ಮೀಟರ್ ಇದ್ದರೆ ಹೊರಗೆ ಹೋದದ್ದು, ಒಳಗೆ ಬಂದದ್ದು ಎರಡನ್ನೂ ನೋಡಿ ತಿಂಗಳ ಬಿಲ್ಲು ಮಾಡುತ್ತಾರೆ, ಒಂದು ಮಂಗಳವಾರ ಮೋಡ ಕವಿದರೆ ಏನೂ ಆಗುವುದಿಲ್ಲ. ನಿಮಗೆ ಈಗ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿದ್ದರೆ, ಹಾಕಿಸುವ ಅಗತ್ಯವಿದೆಯೇ ಎಂದೇ ಮೊದಲು ಯೋಚಿಸಿ. ಇನ್ನೊಂದು, ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ, ಎಷ್ಟೇ ಬಿಸಿಲಿರಲಿ. ಲೈನಿನ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಇದನ್ನು ನಮಗೂ ಯಾರೂ ಮೊದಲೇ ಹೇಳಿರಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು: ಡಿಸೆಂಬರಿಗೆ ಕಾಯುವ ತಾಳ್ಮೆಯಿದ್ದರೆ ಕಾಯಿರಿ, ಬೆಳಗ್ಗೆ ಒಂಬತ್ತೂವರೆಗೆ, ಹನ್ನೆರಡೂವರೆಗೆ, ಮೂರಕ್ಕೆ ತಾರಸಿ ಹತ್ತಿ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯಿರಿ. ಕಾಯಲಾಗದಿದ್ದರೆ ಟೇಪು ಹಿಡಿದು ಟ್ಯಾಂಕು, ಪಕ್ಕದ ಮನೆ, ತೆಂಗಿನಮರ ಪ್ಯಾನೆಲ್ಲಿಗಿಂತ ಎಷ್ಟು ಎತ್ತರವಿವೆ ಎಂದು ಅಳೆಯಿರಿ. ದಕ್ಷಿಣ, ಆಗ್ನೇಯ, ನೈಋತ್ಯದ ಯಾವ ವಸ್ತುವಿನಿಂದಲೂ ಆ ಎತ್ತರದ ಒಂದೂವರೆ ಪಟ್ಟು ದೂರ ಬಿಡಿ. ತೆಂಗಿನಮರ ಬೆಳೆಯುತ್ತಲೇ ಇರುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ನಿಮ್ಮ ಟ್ಯಾಂಕು ಯಾವ ಮೂಲೆಯಲ್ಲಿದೆ, ಶೀಟಿನ ಮಾಡಿನ ಪೂರ್ವಕ್ಕೆ ಮರವಿದೆಯೇ ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನು ಸೇರಿಸಿದರೆ ಉಳಿದದ್ದು ಹೇಳುತ್ತೇನೆ.