ಬ್ರ್ಯಾಂಡ್‌ಗೆ ಬಿಸಿ ತಟ್ಟುತ್ತಾ?

'ಬಟ್ಟೆ ಹೊಲಿಯಲು ಆರ್ಡರ್ ಕೊಡುವುದು ಹೊರದೇಶದ ಬ್ರ್ಯಾಂಡ್. ಇಲ್ಲಿ ಕಾರ್ಮಿಕ ಸಂಘ ಕಟ್ಟಿದರೆ ಅವರಿಗೇನು ಬಿಸಿ?' ಅಂತ ಕೇಳಿದ್ದೀರಿ. ತಟ್ಟುತ್ತದೆ, ಆದರೆ ನಿಧಾನ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದು ಸುಮಾರು 1,200 ಜನರನ್ನು ಮನೆಗೆ ಕಳಿಸಿತು. ಹೆಚ್ಚಿನವರು ಹೆಂಗಸರು. ಆರ್ಡರ್ ಇಲ್ಲ ಅಂದರು ಆಡಳಿತದವರು. ಸಂಘ ಇರುವ ಘಟಕವನ್ನೇ ಯಾಕೆ ಮುಚ್ಚಿದಿರಿ ಅಂದರು ಕೆಲಸಗಾರರು. ನ್ಯಾಯವಾದ ಪ್ರಶ್ನೆ, ಅಲ್ವಾ? ವಾರಗಟ್ಟಲೆ ಅಲ್ಲೇ ಧರಣಿ ಕೂತರು.

ಅವರು ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಂ ಎಂಬ ಸ್ವೀಡನ್ ಬ್ರ್ಯಾಂಡ್‌ನ ಬಟ್ಟೆ. ಆ ಕಂಪನಿ 2015ರಲ್ಲೇ ಇಂಡಸ್ಟ್ರಿಆಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದ ಜೊತೆ, ತನಗೆ ಬಟ್ಟೆ ಹೊಲಿದುಕೊಡುವ ಫ್ಯಾಕ್ಟರಿಗಳ ಕೆಲಸಗಾರರ ಹಕ್ಕಿನ ಬಗ್ಗೆ ಒಪ್ಪಂದ ಮಾಡಿಕೊಂಡಿತ್ತು. ಇಲ್ಲಿನ ಸಂಘ ಆ ದಾರಿಯನ್ನೂ ಹಿಡಿಯಿತು. 2021ರ ಆರಂಭದಲ್ಲಿ ಮಾಲೀಕರು ಮರುನೇಮಕಕ್ಕೆ ಒಪ್ಪಿದರು, ಅದೂ ಬೇರೆ ಘಟಕದಲ್ಲಿ.

ನೀವೂ ಗಾರ್ಮೆಂಟ್ಸ್‌ನಲ್ಲಿದ್ದರೆ, ಹೊಲಿಯುವ ಲೇಬಲ್ ಮೇಲಿನ ಹೆಸರು ಈಗಲೇ ಬರೆದಿಟ್ಟುಕೊಳ್ಳಿ. ಬೇಕಾಗುತ್ತದೆ.