ಡಿಮ್-ಡಿಪ್ ಮಾಡಿದರೆ ಇಲ್ಲಿ ಅರ್ಥವೇ ಬೇರೆ

ತಮ್ಮಾ,

ಶಿವಮೊಗ್ಗದಿಂದ ಬರ್ಮಿಂಗ್‌ಹ್ಯಾಮಿಗೆ ಹೊರಟಿದ್ದೀನಿ, ಆರು ವರ್ಷದಿಂದ ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ ಕಾರು ಓಡಿಸಿದ್ದೀನಿ, ಅಲ್ಲಿ ಮತ್ತೆ ಕ್ಲಾಸಿಗೆ ದುಡ್ಡು ಸುರಿಯಬೇಕಾ, ನೇರ ಟೆಸ್ಟಿಗೆ ಹೋದರೆ ಆಗಲ್ವಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ, ಅಡುಗೆ ಸಾಮಾನಿನ ಪ್ರಶ್ನೆಗಳೂ ಇವೆ. ಅವನ್ನು ಮೊದಲು ಮುಗಿಸಿಬಿಡ್ತೀನಿ. ಮನೆಯನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡ. ಚಳಿ ಅಭ್ಯಾಸವಾಗುತ್ತೆ. ಅಕ್ಕಿ, ಬೇಳೆ, ಹುಣಸೆಹಣ್ಣು ಸಿಗುತ್ತೆ. ಅಮ್ಮನ ಕೈಯ ಅಪ್ಪೆಮಿಡಿ ಉಪ್ಪಿನಕಾಯಿ ಸಿಗಲ್ಲ, ಗಟ್ಟಿಯಾಗಿ ಕಟ್ಟಿಸಿಕೊಂಡು ಬಾ.

ಇನ್ನು ಕಾರು. ನಾನು ಬಂದಿಳಿದಾಗಲೂ ನಿನ್ನ ಹಾಗೇ ಅಂದುಕೊಂಡಿದ್ದೆ: ಇವರೂ ಎಡಗಡೆಯೇ ಓಡಿಸೋದು, ಸ್ಟೀರಿಂಗೂ ಬಲಗಡೆಯೇ, ಆಗುಂಬೆ ಘಾಟಿಯ 14 ತಿರುವು ಇಳಿಸಿದವನಿಗೆ ಇದೇನು ಮಹಾ ಅಂತ. ಅಮೆರಿಕಕ್ಕೆ ಹೋದವನು ಬಲಗಡೆ ಓಡಿಸಬೇಕಲ್ಲ ಅಂತ ಮೊದಲ ದಿನದಿಂದ ಎಚ್ಚರದಲ್ಲಿರ್ತಾನೆ. ಇಂಗ್ಲೆಂಡಿಗೆ ಬಂದ ನಮಗೆ ರಸ್ತೆ ಊರಿನದರ ಹಾಗೇ ಕಾಣುತ್ತೆ, ಹಾಗಾಗಿ ಎಚ್ಚರ ಬರೋದೇ ತಡವಾಗುತ್ತೆ.

ಕಾಗದಪತ್ರದ ವಿಷಯ ಚಿಕ್ಕದು. ನಮ್ಮ ಡಿಎಲ್ ಇಟ್ಟುಕೊಂಡು, ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು. ಭಾರತದ ಲೈಸೆನ್ಸನ್ನು ಕೊಟ್ಟು ಇಲ್ಲಿನದನ್ನು ಬದಲಿ ತಗೊಳ್ಳೋಕೆ ಆಗಲ್ಲ, ಥಿಯರಿ, ಪ್ರಾಕ್ಟಿಕಲ್ ಎರಡೂ ಟೆಸ್ಟ್ ಪಾಸಾಗಲೇಬೇಕು. 13ನೇ ತಿಂಗಳಲ್ಲಿ ಹಳೇ ಡಿಎಲ್ ಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದವನ ಲೆಕ್ಕ. ವಿಮೆ ಕೈಕೊಡುತ್ತೆ, ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ಪ್ರಾಕ್ಟಿಕಲ್ ಟೆಸ್ಟಿನ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆದ್ದರಿಂದ ವಿಳಾಸ ಸಿಕ್ಕ ವಾರವೇ ಪ್ರೊವಿಷನಲ್ ಲೈಸೆನ್ಸಿಗೆ ಅರ್ಜಿ ಹಾಕು. ಅದು ನಮ್ಮ ಎಲ್‌ಎಲ್‌ಆರ್ ಇದ್ದ ಹಾಗೆ. ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದರೆ ಗೇರಿನ ಕಾರು ಓಡಿಸುವಂತಿಲ್ಲ, ಅದನ್ನೂ ನೆನಪಿಡು.

ಥಿಯರಿಯಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ಓದಿದರೆ ಆಗುತ್ತೆ. ನಮ್ಮವರು ಎಡವೋದು ಅದರ ಎರಡನೇ ಭಾಗದಲ್ಲಿ. 14 ವಿಡಿಯೊ ತೋರಿಸ್ತಾರೆ. ಅಪಾಯ ಬೆಳೆಯೋಕೆ ಶುರುವಾದ ಕೂಡಲೇ ಕ್ಲಿಕ್ ಮಾಡಬೇಕು. 75ಕ್ಕೆ 44 ಬಂದರೆ ಪಾಸು. ತಡವಾದಷ್ಟೂ ಅಂಕ ಇಳಿಯುತ್ತೆ, ಸುಮ್ಮನೆ ಒಂದೇ ಸಮನೆ ಒತ್ತುತ್ತಾ ಹೋದರೆ ಆ ವಿಡಿಯೊಗೆ ಸೊನ್ನೆ. 'ಬೆಳೆಯುವ ಅಪಾಯ' ಅಂದರೆ ಏನು ಅನ್ನೋದು ಮಲೆನಾಡಿನವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ಪಕ್ಕ ದನ ಮೇಯ್ತಾ ಇದ್ದರೆ ಅದು ಬರೀ ದನ. ತಲೆ ಎತ್ತಿ ಮುಂಗಾಲು ಟಾರಿನ ಕಡೆ ಇಟ್ಟಿತೋ, ನಿನ್ನ ಬಲಗಾಲು ಆಕ್ಸಿಲರೇಟರ್ ಬಿಡುತ್ತಲ್ಲ, ಆ ಕ್ಷಣಕ್ಕೆ ಕ್ಲಿಕ್ ಮಾಡು. ಆ ಕಣ್ಣು ನಮಗೆ ಮಳೆ, ಮಂಜು, ದನಕರುವಿನಿಂದಲೇ ಬಂದಿದೆ, ಅದರ ಬಗ್ಗೆ ಹೆಮ್ಮೆಪಡು.

ಕ್ಲಾಸ್ ಬೇಕೋ ಬೇಡವೋ ಅಂದರೆ, ಬೇಕು. ಆರು ವರ್ಷ ಓಡಿಸಿದವನಿಗೂ ಕಡೇಪಕ್ಷ ಎಂಟು–ಹತ್ತು ಗಂಟೆ ಬೇಕು ಅನ್ನೋದು ನನ್ನ ಅಭಿಪ್ರಾಯ. ಕಾರಿನ ಮುಂಗಾಜಿನ ಮೇಲೆ ಹಸಿರು ಎಂಟುಮೂಲೆಯ ಬಿಲ್ಲೆ ಇದ್ದರೆ ಪೂರ್ಣ ಅರ್ಹತೆ ಪಡೆದ ಶಿಕ್ಷಕ. ಗುಲಾಬಿ ತ್ರಿಕೋನ ಇದ್ದರೆ ಇನ್ನೂ ತರಬೇತಿಯಲ್ಲಿರೋನು. ಹಸಿರಿನವನನ್ನೇ ಹಿಡಿ.

ಗೇರು, ಕ್ಲಚ್ ಕಲಿಯೋಕೆ ಅಂತ ಅಲ್ಲಿಗೆ ಹೋಗಬೇಡ, ಕೈಕಾಲಿಗೆ ಅಂಟಿದ್ದನ್ನು ಬಿಡಿಸಿಕೊಳ್ಳೋಕೆ ಹೋಗು. ಟೆಸ್ಟ್ ಸುಮಾರು 40 ನಿಮಿಷ. ಸಣ್ಣ ತಪ್ಪು 15ರವರೆಗೆ ಬಿಡ್ತಾರೆ, ಗಂಭೀರವಾದದ್ದು ಒಂದಾದರೂ ಫೇಲು. ಪರೀಕ್ಷಕ ಕೈಗಿಂತ ಹೆಚ್ಚು ಗಮನಿಸೋದು ನಿನ್ನ ಕಣ್ಣನ್ನು. ಇಂಡಿಕೇಟರ್ ಹಾಕುವ ಮುಂಚೆ, ವೇಗ ಬದಲಿಸುವ ಮುಂಚೆ ಒಳಗಿನ ಕನ್ನಡಿ, ಆಮೇಲೆ ಹೋಗುವ ಕಡೆಯ ಹೊರಗನ್ನಡಿ. ನಿಂತ ಗಾಡಿ ಹೊರಡಿಸುವ ಮುಂಚೆ ಹೆಗಲ ಮೇಲಿಂದ ತಿರುಗಿ ನೋಟ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೈಕು ತಾಗುತ್ತೆ ಅಂತ ಎಡಗನ್ನಡಿ ಮಡಚಿಟ್ಟು ಓಡಿಸಿದವರಿಗೆ ಇದು ಬಲು ಕಷ್ಟ. ಪೆಟ್ರೋಲ್ ಉಳಿಸೋಕೆ ತಿರುವಿನ ಮುಂಚೆಯೇ ಕ್ಲಚ್ ಒತ್ತಿಕೊಂಡು ತೇಲಿಸೋದೂ ತಪ್ಪೇ, ಯಾಕೆಂದರೆ ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತೆ. ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಸಬಾರದು ಅಂತ ಹಿರಿಯರು ಹೇಳ್ತಿದ್ದದ್ದೂ ಇದಕ್ಕೇ.

ರೌಂಡಬೌಟಿನಲ್ಲಿ ಬಲಗಡೆಯಿಂದ ಬರೋನಿಗೆ ದಾರಿ ಬಿಡಬೇಕು. ಗೋಪಿ ಸರ್ಕಲ್ಲಿನಲ್ಲಿ ಮೂತಿ ತೂರಿಸಿದವನಿಗೆ ದಾರಿ ಆಗುವ ಹಾಗೆ ಇಲ್ಲಿ ಆಗಲ್ಲ. ಹಾಗಂತ ಖಾಲಿ ಇದ್ದಾಗಲೂ ನಿಂತೇ ಇದ್ದರೆ ಅದೂ ತಪ್ಪು. ನೇರ ಹೋಗೋದಾದರೆ, ಬೇರೆ ಸೂಚನೆ ಬರೆದಿಲ್ಲದಿದ್ದರೆ, ಎಡ ಲೇನು, ಇಂಡಿಕೇಟರ್ ಇಲ್ಲದೆ ಒಳಕ್ಕೆ. ನೀನು ಹೊರಗೆ ಹೋಗುವ ದಾರಿಗಿಂತ ಒಂದು ಮುಂಚಿನ ದಾರಿ ದಾಟಿದ ಮೇಲೆ ಎಡ ಇಂಡಿಕೇಟರ್. 2022ರ ಜನವರಿಯಿಂದ ಇನ್ನೊಂದು ಸೇರಿದೆ: ನೀನು ಅಡ್ಡರಸ್ತೆಗೆ ತಿರುಗುವಾಗ ಅದನ್ನು ದಾಟೋಕೆ ಕಾಯ್ತಾ ನಿಂತ ಪಾದಚಾರಿಗೂ ದಾರಿ ಬಿಡಬೇಕು.

ಈಗ ನಿನಗೆ ಹೇಳಲೇಬೇಕಾದದ್ದು. ಊರಿನ ರಸ್ತೆಗೆ ಒಂದು ಭಾಷೆ ಇದೆ. ತಿರುವಿನಲ್ಲಿ ಹಾರ್ನ್ ಅಂದರೆ 'ಬರ್ತಿದ್ದೀನಿ'. ಘಾಟಿಯಲ್ಲಿ ಮುಂದಿನ ಲಾರಿಯವನು ಬಲ ಇಂಡಿಕೇಟರ್ ಹಾಕಿದರೆ ಎಷ್ಟೋ ಸಲ 'ಓವರ್‌ಟೇಕ್ ಮಾಡು, ಎದುರು ಖಾಲಿ ಇದೆ'. ಎದುರಿನ ಗಾಡಿಗೆ ಹೆಡ್‌ಲೈಟ್ ಡಿಮ್-ಡಿಪ್ ಮಾಡಿದರೆ 'ನಾನು ಬಿಡಲ್ಲ, ನೀನು ನಿಲ್ಲು'. ಈ ಭಾಷೆ ನಮ್ಮ ರಕ್ತದಲ್ಲಿದೆ, ಯೋಚಿಸದೆ ಕೈ ಹೋಗುತ್ತೆ. ಇಲ್ಲಿ ಅದೇ ಲೈಟಿಗೆ ಜನ ಕೊಡುವ ಅರ್ಥ ಪೂರ್ತಿ ತಿರುವುಮುರುವು: 'ನೀನು ಮೊದಲು ಬಾ'.

ಲೆಕ್ಕ ಹಾಕಿ ನೋಡು. ಗಂಟೆಗೆ 30 ಮೈಲಿ, ಅಂದರೆ ನಮ್ಮ 48 ಕಿಲೋಮೀಟರಿನಲ್ಲಿ ನೇರ ಹೋಗ್ತಿದ್ದೀಯ. ಎದುರಿನ ಕಾರು ನಿನ್ನ ಲೇನು ದಾಟಿ ಅವನ ಬಲಕ್ಕೆ ತಿರುಗೋಕೆ ಕಾದು ನಿಂತಿದೆ. ನೀನು ಊರಿನ ಅಭ್ಯಾಸದಲ್ಲಿ 'ನಿಲ್ಲು' ಅಂತ ಲೈಟ್ ಹೊಡೀತೀಯ. ಅವನು 'ಬಾ' ಅಂದ ಅಂತ ತಿಳಿದು ಕೈ ಎತ್ತಿ ಧನ್ಯವಾದ ಹೇಳಿ ಅಡ್ಡಕ್ಕೆ ಬರ್ತಾನೆ. ಆ ವೇಗದಲ್ಲಿ, ಒಣ ರಸ್ತೆಯಲ್ಲಿ, ನೋಡಿ ಬ್ರೇಕ್ ಒತ್ತಿ ನಿಲ್ಲೋಕೆ ನಿನಗೆ 23 ಮೀಟರ್ ಬೇಕು. ಅದರಲ್ಲಿ 9 ಮೀಟರ್ ಬ್ರೇಕ್ ಒತ್ತುವ ಮುಂಚೆಯೇ ಹೋಗಿರುತ್ತೆ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೇ ಹೊಡೆದುಕೊಂಡಿರ್ತಾರೆ.

ಇನ್ನೊಂದು ಮಗ್ಗುಲು: ನಿನಗೆ ಯಾರಾದರೂ ಲೈಟ್ ಹೊಡೆದು ಕರೆದರೂ ಕರೆದ ಅಂತ ನುಗ್ಗಬೇಡ. ಅವನ ಪಕ್ಕದಿಂದ ಬರುವ ಸೈಕಲ್ಲೋ ಬೈಕೋ ಅವನಿಗೆ ಕಂಡಿರಲಿಕ್ಕಿಲ್ಲ. ಇಲ್ಲಿನ ನಿಯಮದ ಪುಸ್ತಕ ಹೈವೇ ಕೋಡ್ ಹೇಳೋದಿಷ್ಟೇ, ಲೈಟ್ ಹೊಡೆಯೋದು 'ನಾನಿದ್ದೀನಿ' ಅನ್ನೋಕೆ ಮಾತ್ರ. ನೀನು ಅಷ್ಟಕ್ಕೂ ಬಳಸಬೇಡ, ಮೊದಲ ವರ್ಷವಂತೂ ಬೇಡ. ಬಲ ಇಂಡಿಕೇಟರ್ ಹಾಕಿದ ಗಾಡಿಯನ್ನು ಬಲಗಡೆಯಿಂದ ದಾಟಬೇಡ, ಅವನು ನಿಜವಾಗಿಯೂ ಬಲಕ್ಕೆ ತಿರುಗ್ತಾನೆ. ಮಂಜಿನಲ್ಲಿ, ಜಡಿಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸೋದನ್ನೂ ಬಿಟ್ಟು ಬಾ. ನೀನು ಯಾವ ಕಡೆ ತಿರುಗ್ತೀಯ ಅಂತ ಹಿಂದಿನವನಿಗೆ ಗೊತ್ತೇ ಆಗಲ್ಲ. 100 ಮೀಟರಿನಾಚೆ ಕಾಣದಿದ್ದರೆ ಫಾಗ್ ಲೈಟ್, ಮಂಜು ಕರಗಿದ ಕೂಡಲೇ ಆರಿಸು.

ನನಗೆ ಇವತ್ತಿಗೂ ಸಂಕಟವಾಗೋದು ಇದಕ್ಕೇ. ನಮಗೆ 18ಕ್ಕೆ ಕ್ಲಚ್ ಬಿಡೋದು ಕಲಿಸಿದರು, ಹಿಂದಕ್ಕೆ ತೆಗೆಯೋದು ಕಲಿಸಿದರು. ಎಲ್ಲಿ ನೋಡಬೇಕು, ಎಷ್ಟು ದೂರ ಬಿಡಬೇಕು ಅಂತ ಒಬ್ಬರೂ ಕಲಿಸಲಿಲ್ಲ. ಮಂಡಗದ್ದೆ, ಗಾಜನೂರಿನ ದಾರಿಯಲ್ಲಿ ಬಸ್ಸಿನ ಹಿಂದೆ ಅಂಟಿಕೊಂಡು ಹೋಗುವ ಹುಡುಗರನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ತಳಮಳ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ 'ಸಾವಿರದ ಒಂದು, ಸಾವಿರದ ಎರಡು' ಅಂತ ನಿಧಾನಕ್ಕೆ ಎಣಿಸು. ಮುಗಿಯುವ ಮುಂಚೆ ನೀನು ಆ ಕಂಬ ದಾಟಿದರೆ ತುಂಬ ಹತ್ತಿರ ಇದ್ದೀಯ. ಮಳೆಯಲ್ಲಿ ನಾಲ್ಕರವರೆಗೆ ಎಣಿಸು. ಹಿಮ ಗಟ್ಟಿದ ರಸ್ತೆಯಲ್ಲಿ ನಿಲ್ಲೋಕೆ ಹತ್ತು ಪಟ್ಟು ದೂರ ಬೇಕಾಗಬಹುದು, ಅವತ್ತು ಬಸ್ಸಿಗೆ ಹೋಗು. ನಿಂತ ನೀರಿನ ಮೇಲೆ ಸ್ಟೀರಿಂಗ್ ಇದ್ದಕ್ಕಿದ್ದ ಹಾಗೆ ಹಗುರಾದರೆ ಟೈರು ನೀರಿನ ಮೇಲೆ ತೇಲ್ತಿದೆ ಅಂತ. ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಮೆಲ್ಲಗೆ ಬಿಡು. ಟೈರಿನ ಗೆರೆಯ ಆಳ ಸವೆದು 1.6 ಮಿಲಿಮೀಟರಿಗಿಂತ ಕಮ್ಮಿಯಾಗಿದ್ದರೆ ಕಾನೂನು ಪ್ರಕಾರವೂ ರಸ್ತೆಗೆ ಇಳಿಸುವಂತಿಲ್ಲ.

ಫೋನ್ ಕೈಯಲ್ಲಿ ಹಿಡಿದರೆ, ಕೆಂಪು ದೀಪಕ್ಕೆ ನಿಂತಿದ್ದರೂ, 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಾಗಿ 6 ಪಾಯಿಂಟ್. ಇಲ್ಲಿನ ಲೈಸೆನ್ಸ್ ಸಿಕ್ಕ ಎರಡು ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸೇ ರದ್ದು, ಮತ್ತೆ ಮೊದಲಿಂದ. ಊರಿನ ಆರು ವರ್ಷದ ಅನುಭವ ಅಲ್ಲಿ ಲೆಕ್ಕಕ್ಕೆ ಬರಲ್ಲ.

ಹೊರಡೋಕೆ ಇನ್ನು ಮೂರು ವಾರ ಇದೆ ಅಂದೆಯಲ್ಲ, ಇವತ್ತಿಂದಲೇ ಶುರು ಮಾಡು. ಡಿಎಲ್ ಅವಧಿ ಮುಗಿಯೋಕೆ ಬಂದಿದ್ದರೆ ಈಗಲೇ ನವೀಕರಿಸಿಕೋ. ಪೇಟೆಯೊಳಗೆ ಓಡಿಸುವಾಗ ಎರಡೂ ಕನ್ನಡಿ ಮಡಚದೆ ತೆರೆದಿಟ್ಟು, ಡಿಮ್-ಡಿಪ್ ಮುಟ್ಟದೆ ಓಡಿಸಿ ನೋಡು, ಕೈ ಎಷ್ಟು ಸಲ ತಾನಾಗಿ ಹೋಗುತ್ತೆ ಅಂತ ಎಣಿಸು. ಆಗುಂಬೆ ಇಳಿಯುವಾಗ ಮಾತ್ರ ತಿರುವು ತಿರುವಿಗೂ ಹಾರ್ನ್ ಹಾಕು, ಅಲ್ಲಿ ಅದು ಬೇಕೇ ಬೇಕು. ಮನೆ ಸಿಕ್ಕಿದ ಮೇಲೆ ವಿಳಾಸ ಕಳಿಸು, ಹತ್ತಿರದಲ್ಲಿ ಹಸಿರು ಬಿಲ್ಲೆಯವರು ಯಾರಿದ್ದಾರೆ ಅಂತ ವಿಚಾರಿಸಿಡ್ತೀನಿ.